ಎರಡು ಕುರ್ಚಿಯ ಸಲೂನ್, 86 ಸಾಮಾನಿನ ಪಟ್ಟಿ

ಪ್ರಶ್ನೆ: ಬೆಂಗಳೂರಿನ ಒಂದು ಸಲೂನಿನಲ್ಲಿ ಆರು ವರ್ಷ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದಿದ್ದೇನೆ ಸರ್. ಸಿಂಧನೂರಿನಲ್ಲಿ ಗಂಡಸರ ಸಲೂನ್ ಹಾಕುವ ವಿಚಾರ. ಎರಡು ಕುರ್ಚಿ, ನಾನು ಮತ್ತು ನನ್ನ ತಮ್ಮ. ಅಂಗಡಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಅದು ಬಿಟ್ಟು ಕೈಯಲ್ಲಿ 2 ಲಕ್ಷ ಇದೆ. ಹೋಲ್‌ಸೇಲ್ ಡೀಲರ್ ಒಬ್ಬರು 'ಫುಲ್ ಸೆಟಪ್ ಕಾಂಬೋ' ಅಂತ 86 ಸಾಮಾನಿನ ಪಟ್ಟಿ ಕೊಟ್ಟಿದ್ದಾರೆ. ಕುರ್ಚಿ ಬಿಟ್ಟು 92 ಸಾವಿರ ಆಗುತ್ತದಂತೆ. ಪಟ್ಟಿಯನ್ನು ಇದರ ಜೊತೆ ಕಳಿಸಿದ್ದೇನೆ. ಎಲ್ಲ ತಗೊಳ್ಳಲಾ? ಇನ್ನೊಂದು, ಕಟಿಂಗ್ ಮಾಡಿದ ಕೂದಲನ್ನು ಕೊಪ್ಪಳದ ಭಾಗ್ಯನಗರದವರು ಕೊಳ್ಳುತ್ತಾರೆ ಅಂತಾರೆ, ನಿಜವಾ?

ಉತ್ತರ: ನಿಮ್ಮ ಪಟ್ಟಿಯನ್ನು ಕೆಂಪು ಪೆನ್ನು ಹಿಡಿದೇ ಓದಿದೆ. 86ರಲ್ಲಿ 41ಕ್ಕೆ ಗೆರೆ ಬಿತ್ತು. ಗೆರೆ ಬಿದ್ದದ್ದೆಲ್ಲ ಕೆಟ್ಟ ಮಾಲು ಅಂತಲ್ಲ, ಮೊದಲ ಮೂರು ತಿಂಗಳು ನಿಮಗೆ ಬೇಡದ್ದು ಅಷ್ಟೇ. ನನಗೆ ಹೆಚ್ಚು ಕಸಿವಿಸಿಯಾದದ್ದು ಪಟ್ಟಿಯಲ್ಲಿ ಇಲ್ಲದ್ದನ್ನು ನೋಡಿ. ಐದು ಥರದ ಜೆಲ್ ಇದೆ, ನಾಲ್ಕು ಥರದ ಫೇಶಿಯಲ್ ಕಿಟ್ ಇದೆ. ಬ್ಲೇಡ್ ಎಷ್ಟು ಅಂತ ಹುಡುಕಿದರೆ 'ಒಂದು ಪಾಕೀಟು'. ಟವೆಲ್ ಅರ್ಧ ಡಜನ್. ಸಲಕರಣೆ ತೊಳೆಯುವ ಔಷಧಿ ಇಲ್ಲ, ಬಳಸಿದ ಬ್ಲೇಡ್ ಹಾಕಲು ಡಬ್ಬಿ ಇಲ್ಲ. ಡೀಲರ್ ತನಗೆ ಯಾವುದರಲ್ಲಿ ಮಾರ್ಜಿನ್ ಇದೆ ಅಂತ ನೋಡಿ ಪಟ್ಟಿ ಬರೆಯುತ್ತಾನೆ. ನೀವು ದಿನಕ್ಕೆ ಎಷ್ಟು ಗಿರಾಕಿ ಬರುತ್ತಾರೆ ಅಂತ ನೋಡಿ ಬರೆಯಬೇಕು.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತವನು. ಬಳ್ಳಾರಿಯಲ್ಲಿ ಮೊದಲ ಅಂಗಡಿ ಹಾಕಿದಾಗ ಕನ್ನಡಿಯ ಎರಡೂ ಬದಿ ಗಾಜಿನ ರ‍್ಯಾಕ್ ಮಾಡಿಸಿ, ಖಾಲಿ ಕಂಡರೆ ನಾಚಿಕೆ ಅಂತ ಬಾಟಲಿ ಜೋಡಿಸಿದ್ದೆ. ಏಪ್ರಿಲ್ ಕಡೆಯ ವಾರ. ಒಂದು ಬೆಳಿಗ್ಗೆ ಶಟರ್ ಎತ್ತಿದರೆ ಹೇರ್ ಕಲರಿನ ಡೆವಲಪರ್ ಬಾಟಲಿಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತಿವೆ, ಒಂದರ ಮುಚ್ಚಳ ಹಾರಿ ಕೆಳಗಿನ ಟವೆಲ್ ಮೇಲೆಲ್ಲ ಬಿಳಿ ಕ್ರೀಮು. ಡೆವಲಪರ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ಬಿಸಿಗೆ ಅದು ಒಡೆದು ಆಮ್ಲಜನಕ ಬಿಡುತ್ತದೆ, ಬಾಟಲಿ ಉಬ್ಬುತ್ತದೆ, ಒಳಗಿನ ಶಕ್ತಿ ಇಳಿಯುತ್ತದೆ. ಅಂಥದ್ದರಲ್ಲಿ ಬಣ್ಣ ಕಲಸಿದರೆ ಬಿಳಿ ಕೂದಲು ಬಿಳಿಯಾಗಿಯೇ ಉಳಿದು, ಬೈಗುಳ ಮಾತ್ರ ನಿಮಗೆ. ಬೆಂಗಳೂರಿನ ಎಸಿ ಅಂಗಡಿಯಲ್ಲಿ ವರ್ಷ ಇಟ್ಟ ಬಾಟಲಿ ಇಲ್ಲಿ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಡಿ ಒಂದು ತಿಂಗಳೂ ಬಾಳಲಿಕ್ಕಿಲ್ಲ. ನಮ್ಮ ಕಡೆಯ ಸಲೂನಿಗೆ ಮೊದಲ ನಿಯಮ ಇದೇ: ರಾಸಾಯನಿಕ ಇರುವುದೆಲ್ಲ ಸ್ವಲ್ಪ ಸ್ವಲ್ಪ, ನೆಲದ ಹತ್ತಿರ, ಬಾಗಿಲಿರುವ ಕಪಾಟಿನೊಳಗೆ.

ಈಗ ನಿಮ್ಮ ಲೆಕ್ಕ. ಹೊಸ ಅಂಗಡಿ, ಎರಡು ಕುರ್ಚಿ. ಊರಿನ ಗಿರಾಕಿ ಜೊತೆಗೆ ಸುತ್ತಲಿನ ಕ್ಯಾಂಪುಗಳವರೂ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರುಗಳವರೂ ಬರುತ್ತಾರೆ. ವಾರದ ದಿನ 20 ಜನ, ಭಾನುವಾರ 45 ಅಂತ ಹಿಡಿಯೋಣ. ಮಂಗಳವಾರ ಬಾಗಿಲು ಹಾಕಿದರೆ ವಾರಕ್ಕೆ 145. ಗಡ್ಡ ಮಾಡಿಸದೆ ಬರೀ ಕಟಿಂಗಿಗೆ ಬಂದವನಿಗೂ ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಉಸ್ತರಾ ಆಡಿಸಲೇಬೇಕು. ಹಾಗಾಗಿ ಬ್ಲೇಡನ್ನು ಎರಡಾಗಿ ಮುರಿದು ಒಬ್ಬರಿಗೆ ಹೊಸ ಅರ್ಧ ಬ್ಲೇಡು ಅಂತ ಇಟ್ಟುಕೊಂಡರೂ ತಿಂಗಳಿಗೆ 310ರ ಆಸುಪಾಸು ಬ್ಲೇಡ್ ಬೇಕು. 400 ತರಿಸಿ. ಬ್ಲೇಡ್ ಕೆಡುವ ಮಾಲಲ್ಲ, ಇದೊಂದನ್ನು ಮಾತ್ರ ಹೋಲ್‌ಸೇಲಿನಲ್ಲಿ ಧಾರಾಳವಾಗಿ ತೆಗೆದುಕೊಳ್ಳಬಹುದು. ಕಡಿಮೆ ತಂದರೆ ಭಾನುವಾರ ಸಂಜೆ 'ಇದೊಂದು ಗಡ್ಡ ಹಳೇ ಬ್ಲೇಡಿನಲ್ಲೇ ಆಗಲಿ' ಅನ್ನುವ ಆಸೆ ಹುಟ್ಟುತ್ತದೆ. ಆ ಆಸೆಗೆ ಅಂಗಡಿಯಲ್ಲಿ ಜಾಗವೇ ಇರಬಾರದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಬ್ಲೇಡನ್ನು ಗಿರಾಕಿ ಕೂತ ಮೇಲೆ, ಅವನ ಕಣ್ಣೆದುರೇ ಕಾಗದ ಬಿಚ್ಚಿ ಹಾಕಿ. ನಮ್ಮ ಕಡೆ ಈಗ ಜನ ಇದನ್ನು ಗಮನಿಸುತ್ತಾರೆ, 'ಹೊಸಾದು ಹಾಕ್ರೀ' ಅಂತ ಬಾಯಿಬಿಟ್ಟು ಹೇಳುವವರೂ ಇದ್ದಾರೆ.

ಬಳಸಿದ ಬ್ಲೇಡ್ ಕಸದ ಬುಟ್ಟಿಗೆ ಬೇಡ. ಕಸ ಒಯ್ಯುವವರ ಕೈ ಕೊಯ್ಯುತ್ತದೆ. ಹಳೆಯ ಪೌಡರ್ ತಗಡಿನ ಡಬ್ಬಿಯ ಮುಚ್ಚಳದಲ್ಲಿ ಉಳಿಯಿಂದ ಸೀಳು ಮಾಡಿ ಗಟ್ಟಿ ಟೇಪ್ ಸುತ್ತಿ. ತುಂಬಿದ ಮೇಲೆ ಸೀಳಿಗೂ ಟೇಪ್ ಹಚ್ಚಿ, ಮೇಲೆ 'ಬ್ಲೇಡ್' ಅಂತ ಬರೆದು, ನಗರಸಭೆಯ ಗಾಡಿಯವರಿಗೆ ಹೇಳಿ ಬೇರೆಯಾಗಿಯೇ ಕೊಡಿ. ಖರ್ಚು ಸೊನ್ನೆ.

ತೊಳೆಯುವ ಔಷಧಿಗೆ ಬರೋಣ. ಡೀಲರ್ ಪಟ್ಟಿಯಲ್ಲಿ ನೀಲಿ ಬೆಳಕಿನ 'ಯುವಿ ಸ್ಟೆರಿಲೈಸರ್' ಪೆಟ್ಟಿಗೆ ಇದೆ, ಅದಕ್ಕೆ ಗೆರೆ ಹೊಡೆದಿದ್ದೇನೆ. ಬೆಳಕು ಬಿದ್ದ ಮೇಲ್ಮೈಗೆ ಮಾತ್ರ ಅದರ ಪ್ರಭಾವ. ಹಣಿಗೆಯ ಹಲ್ಲಿನ ಸಂದಿಗೆ, ಕತ್ತರಿಯ ಒಳಮೈಗೆ, ಕೂದಲು ಜಿಡ್ಡು ಅಂಟಿದ ಜಾಗಕ್ಕೆ ತಟ್ಟುವುದಿಲ್ಲ. ನೋಡಲು ಚೆಂದ, ಗಿರಾಕಿಗೆ ಭರವಸೆ ಬರುತ್ತದೆ, ಅಷ್ಟೇ. ಅದರ ಬದಲು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ 5 ಲೀಟರ್ ಕ್ಯಾನ್ ತನ್ನಿ. ಕ್ಯಾನಿನ ಮೇಲೆ 5% ಅಂತಿದ್ದರೆ ಒಂದು ಲೋಟ ಔಷಧಿಗೆ ಒಂಬತ್ತು ಲೋಟ ನೀರು, ಆಗ ಅದು 0.5% ಆಗುತ್ತದೆ. ಹಣಿಗೆ, ಮಷಿನ್ನಿಗೆ ಸಿಕ್ಕಿಸುವ ಗಾರ್ಡು, ಬಟ್ಟಲುಗಳನ್ನು ಮೊದಲು ಸೋಪು ನೀರಲ್ಲಿ ತಿಕ್ಕಿ, ಆಮೇಲೆ ಇದರಲ್ಲಿ 10 ನಿಮಿಷ ಅದ್ದಿ, ತೊಳೆದು ಒಣಗಿಸಿ. ಕೂದಲು ಅಂಟಿದ್ದನ್ನೇ ಹಾಗೇ ಅದ್ದಿದರೆ ಔಷಧಿ ದಂಡ. ದಿನಾ ಬೆಳಿಗ್ಗೆ ಹೊಸದಾಗಿ ಕಲಸಿ, ಸಂಜೆ ಚೆಲ್ಲಿ. ಬಿಸಿಲು ತಾಗಿದರೆ ಸತ್ವ ಹೋಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಈ ದ್ರಾವಣ ಕಬ್ಬಿಣ ತಿನ್ನುತ್ತದೆ, ಆದ್ದರಿಂದ ಕತ್ತರಿ, ಉಸ್ತರಾ ಹಿಡಿ, ಮಷಿನ್ ಬ್ಲೇಡಿಗೆ 70%ನ ಸ್ಪಿರಿಟ್ ಇಟ್ಟುಕೊಳ್ಳಿ. ಕೂದಲು ಬ್ರಷ್‌ನಿಂದ ಕೊಡವಿ, ಸ್ಪಿರಿಟ್ ಒರೆಸಿ, ಆರಿದ ಮೇಲೆ ಎಣ್ಣೆ. ಸ್ಪಿರಿಟ್ ಬೆಂಕಿ ಹಿಡಿಯುವ ಮಾಲು, ದೇವರ ಫೋಟೋದ ಊದುಬತ್ತಿಯ ಪಕ್ಕ ಇಡಬೇಡಿ. ಇಂಥ ಅನಾಹುತ ಒಂದು ನನ್ನ ಅಂಗಡಿಯಲ್ಲೇ ಕೂದಲೆಳೆಯಲ್ಲಿ ತಪ್ಪಿದೆ.

ಪಟಿಕದ ಗಡ್ಡೆ ಪಟ್ಟಿಯಲ್ಲಿದೆ, 'ಎರಡು ಪೀಸ್'. ಒಂದೇ ಗಡ್ಡೆಯನ್ನು ದಿನವಿಡೀ ಎಲ್ಲರ ಮುಖಕ್ಕೂ ಉಜ್ಜುವುದು ನಮ್ಮ ಹಿರಿಯರಿಂದ ಬಂದ ರೂಢಿ. ಆದರೆ ಗಾಯದಿಂದ ಗಾಯಕ್ಕೆ ರಕ್ತ ದಾಟಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಪಟಿಕವನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿ ಸ್ಪ್ರೇ ಬಾಟಲಿಗೆ ಹಾಕಿ, ಇಲ್ಲವೇ ಚಿಟಿಕೆ ಪುಡಿಯನ್ನು ಹತ್ತಿಗೆ ತಾಗಿಸಿ ಒತ್ತಿ. ಹಳೆ ಗಿರಾಕಿ 'ಗಡ್ಡಿನೇ ತಿಕ್ಕೋ ತಮ್ಮಾ' ಅಂದರೆ ಅವನಿಗೊಂದು ಸ್ವಂತ ಗಡ್ಡೆ ಕೊಡಿ, ಮನೆಗೆ ಒಯ್ಯಲಿ. ಕೆಲವೇ ರೂಪಾಯಿಯ ಬಾಬತ್ತು.

ಟವೆಲ್ ಅರ್ಧ ಡಜನ್ ಎಂದರೆ ನಗು ಬಂತು. ಒಬ್ಬರಿಗೆ ಒಂದು ಅಂತಾದರೆ ಭಾನುವಾರಕ್ಕೇ 45, ಅವು ಒಣಗುವ ಮೊದಲೇ ಸೋಮವಾರ ಬೆಳಿಗ್ಗೆಗೆ ಇನ್ನೊಂದು 15. 60 ಬೇಕು. ದೊಡ್ಡವು ಬೇಡ, ಕೈ ಒರೆಸುವ ಅಳತೆಯ ತೆಳು ಹತ್ತಿಯವು. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಕಿದರೆ ಗಂಟೆಯೊಳಗೆ ಒಣಗುತ್ತವೆ, ಮಳೆಗಾಲದಲ್ಲಿ ಹಸಿ ವಾಸನೆ ಬರುತ್ತದೆ, ಆಗ ಕಾಗದದ ಟಿಶ್ಯೂ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಮೈಮೇಲೆ ಹೊದಿಸುವ ಕಟಿಂಗ್ ಶೀಟ್ ಆರು ಸಾಕು, ಆದರೆ ಅದರ ಕಾಲರ್ ನೇರವಾಗಿ ಕುತ್ತಿಗೆಗೆ ತಾಗಬಾರದು. ಬೆವರಿನ ಕಾಲದಲ್ಲಿ ಹುಳುಕಡ್ಡಿ ಹರಡುವುದು ಈ ಕಾಲರಿನಿಂದ, ಮಷಿನ್ ಬ್ಲೇಡಿನಿಂದ. ಕುತ್ತಿಗೆಗೆ ಸುತ್ತುವ ನೆಕ್ ಸ್ಟ್ರಿಪ್ ರೋಲ್ ಪಟ್ಟಿಯಲ್ಲಿಲ್ಲ, ಸೇರಿಸಿ.

ಈಗ ಸಲಕರಣೆ. ಕತ್ತರಿಯ ಬಗ್ಗೆ ಆರು ವರ್ಷದ ಅನುಭವಿಗೆ ನಾನೇನು ಹೇಳಲಿ. ನಿಮ್ಮದು ನಿಮಗೆ, ತಮ್ಮನದು ತಮ್ಮನಿಗೆ, ಅದಲುಬದಲು ಬೇಡ. ಒಬ್ಬೊಬ್ಬರಿಗೆ ಆರಿಂಚಿನದು ಒಂದು, ಕೂದಲಿನ ದಟ್ಟಣೆ ಇಳಿಸುವ ಥಿನ್ನಿಂಗ್ ಕತ್ತರಿ ಒಂದು, ಸಾಣೆಗೆ ಕೊಟ್ಟಾಗ ಇರಲಿ ಅಂತ ಸಾದಾ ಕತ್ತರಿ ಒಂದು. ಅಂಗಡಿಯಲ್ಲೇ ಪರೀಕ್ಷೆ ಮಾಡಿ ತನ್ನಿ: ತೆಳು ಟಿಶ್ಯೂ ಕಾಗದ ಒದ್ದೆ ಮಾಡಿ ತುದಿಯಿಂದ ಕತ್ತರಿಸಿ. ಕಾಗದ ಮಡಚಿ ಬ್ಲೇಡಿನ ನಡುವೆ ಸಿಕ್ಕಿಕೊಂಡರೆ ವಾಪಸ್ ಇಡಿ. ಮನೆಯವರು ಶಾಂಪೂ ಪಾಕೀಟು ಕತ್ತರಿಸಲು ಇದನ್ನೇ ಎತ್ತಿಕೊಳ್ಳುತ್ತಾರೆ, ಅದಕ್ಕೊಂದು ಹತ್ತು ರೂಪಾಯಿಯ ಕತ್ತರಿಯನ್ನು ದಾರಕ್ಕೆ ಕಟ್ಟಿ ನೇತುಹಾಕಿ.

ಮಷಿನ್ ವಿಷಯದಲ್ಲಿ ಡೀಲರ್ ನಾಲ್ಕು ಕಾರ್ಡ್‌ಲೆಸ್ ಟ್ರಿಮ್ಮರ್ ಬರೆದಿದ್ದಾನೆ. ನನ್ನ ಮಾತು ಬೇರೆ. ಕುರ್ಚಿಗೊಂದರಂತೆ ವೈರಿರುವ ಗಟ್ಟಿ ಕ್ಲಿಪ್ಪರ್ ಎರಡು, ಗಡ್ಡಕ್ಕೆ ಕಾರ್ಡ್‌ಲೆಸ್ ಎರಡು. ವೈರಿನದು ವರ್ಷಗಟ್ಟಲೆ ದುಡಿಯುತ್ತದೆ, ಕಾರ್ಡ್‌ಲೆಸ್‌ನ ಲಿಥಿಯಂ ಬ್ಯಾಟರಿ ನಮ್ಮ 42 ಡಿಗ್ರಿ ಬಿಸಿಲಿಗೆ ಬೇಗ ಸೋಲುತ್ತದೆ. ಕರೆಂಟ್ ಹೋದಾಗ ಮಾತ್ರ ಅದೇ ಆಪದ್ಬಾಂಧವ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ 'ಎಷ್ಟು ನಿಮಿಷ ಓಡುತ್ತೆ' ಅಂತಲ್ಲ, 'ಇದರ ಬ್ಲೇಡ್, ಬ್ಯಾಟರಿ ರಾಯಚೂರಲ್ಲೋ ಬಳ್ಳಾರಿಯಲ್ಲೋ ಸಿಗುತ್ತಾ' ಅಂತ. ಸಿರಾಮಿಕ್ ಬ್ಲೇಡಿನದು ಕಡಿಮೆ ಕಾಯುತ್ತದೆ, ಆದರೆ ಕೈಜಾರಿ ಬಿದ್ದರೆ ಚೂರು. ಸಣ್ಣ ಬಾಟಲಿ ಎಣ್ಣೆ ಮಷಿನ್ ಪಕ್ಕದಲ್ಲೇ ಇರಲಿ, ದಿನಕ್ಕೆ ಎರಡು ಹನಿ. ಬಳ್ಳಾರಿಯ ಅದಿರಿನ ಧೂಳು ಇರಲಿ, ನಿಮ್ಮ ಕಡೆ ಭತ್ತ ಒಕ್ಕುವಾಗಿನ ಸುಂಕು ಇರಲಿ, ತಲೆಯಲ್ಲಿ ಹೊತ್ತು ತರುವ ಗಿರಾಕಿಯ ಕೂದಲು ಬ್ಲೇಡಿಗೆ ಮರಳು ಕಾಗದ ಇದ್ದಹಾಗೆ. ಅಂಥವರ ತಲೆಯನ್ನು ಮೊದಲು ಒಣ ಬ್ರಷ್‌ನಿಂದ ಕೊಡವಿ, ಸಾಧ್ಯವಾದರೆ ತೊಳೆದು, ಆಮೇಲೆ ಮಷಿನ್ ಹಚ್ಚಿ.

ಕುರ್ಚಿಯಲ್ಲಿ ಜಿಪುಣತನ ಬೇಡ. ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ, ಆದರೆ ತೂಕದ ಗೆಳೆಯನೊಬ್ಬನನ್ನು ಜೊತೆಗೆ ಕರೆದೊಯ್ಯಿರಿ. ಅವನನ್ನು ಕೂರಿಸಿ, ಪೆಡಲ್ ಒತ್ತಿ ಪೂರ್ತಿ ಮೇಲೇರಿಸಿ, ಚಹಾ ಕುಡಿದು ಬನ್ನಿ. ಹತ್ತು ನಿಮಿಷದಲ್ಲಿ ಕುರ್ಚಿ ಒಂದಿಂಚು ಕೂಡ ಇಳಿದಿರಬಾರದು, ಕೆಳಗಿನ ತಟ್ಟೆಯ ಸುತ್ತ ಎಣ್ಣೆ ಜಿನುಗಿರಬಾರದು. ತಲೆಯಾಸರೆ ಹಿಂದಕ್ಕೆ ಬಾಗಿಸಿ ಅಲುಗಾಡಿಸಿ ನೋಡಿ. ಉಸ್ತರಾ ಗಂಟಲ ಮೇಲಿರುವಾಗ ಅದು ಜಾರಬಾರದು.

ನೀರನ್ನು ಯಾರೂ ಸಾಮಾನು ಅಂತ ಎಣಿಸುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಗುವಷ್ಟು ದಿನ ನಿಮಗೆ ಚಿಂತೆ ಇಲ್ಲ. ಬೋರ್‌ವೆಲ್ ನೀರಿಗೆ ಬಿದ್ದಾಗ ಶಾಂಪೂ ನೊರೆಯೇ ಬರುವುದಿಲ್ಲ, ಎರಡು ಪಟ್ಟು ಖರ್ಚಾಗುತ್ತದೆ, ತೊಳೆದ ಕೂದಲು ಹಗ್ಗದಂತೆ ಬಿರುಸಾಗುತ್ತದೆ, ಸ್ಪ್ರೇ ಬಾಟಲಿಯ ಮೂತಿಗೆ ಬಿಳಿ ಸುಣ್ಣ ಕಟ್ಟಿ ನೀರು ಒಂದೇ ಕಡೆ ಚಿರ್ ಅಂತ ಹಾರುತ್ತದೆ. ಸ್ಪ್ರೇ ಬಾಟಲಿಗೆ, ಗಡ್ಡದ ನೀರಿಗೆ ಕಾಯಿನ್ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕದ ಕ್ಯಾನ್ ದಿನಕ್ಕೊಂದು ತನ್ನಿ. ಕಟ್ಟಿದ ಮೂತಿಯನ್ನು ರಾತ್ರಿ ನಿಂಬೆರಸದಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಬಿಚ್ಚಿಕೊಂಡಿರುತ್ತದೆ. ತಲೆ ತೊಳೆಯುವ ಬೇಸಿನ್ ಮತ್ತು ಗೀಸರ್ ಪಟ್ಟಿಯಲ್ಲಿವೆ, ಈಗಲೇ ಬೇಡ. ಗೀಸರಿನ ಕಾಯಿಲ್ ಗಡಸು ನೀರಿಗೆ ಸುಣ್ಣ ಕಟ್ಟಿ ಸುಡುತ್ತದೆ. ಆ ದುಡ್ಡಿಗೆ ಇನ್ವರ್ಟರ್ ಹಾಕಿಸಿ. ಅರ್ಧ ಕಟಿಂಗಿನಲ್ಲಿ ಕರೆಂಟ್ ಹೋದರೆ ಜೆಸ್ಕಾಂನವರಿಗೆ ಬೈಯುತ್ತಾ ಕೂರಲು ಗಿರಾಕಿಗೆ ಪುರುಸೊತ್ತಿಲ್ಲ.

ಹೇರ್ ಕಲರ್ ಇಡಲೇಬೇಕು, ನಮ್ಮಲ್ಲಿ ಅದರ ವ್ಯಾಪಾರ ಚೆನ್ನಾಗಿದೆ. ಕಪ್ಪು ಮತ್ತು ಗಾಢ ಕಂದು, ಎರಡೇ ಬಣ್ಣ, ಸಣ್ಣ ಪಾಕೀಟಿನವು. ಡೆವಲಪರ್ 20 ವಾಲ್ಯೂಮಿನದು, ಅಂದರೆ 6% ಪೆರಾಕ್ಸೈಡ್, ಬಿಳಿ ಕೂದಲು ಮುಚ್ಚಲು ಅಷ್ಟು ಸಾಕು. ಡೀಲರ್ ಬರೆದ 40 ವಾಲ್ಯೂಮ್ ಅಂದರೆ 12%, ಅಭ್ಯಾಸವಿಲ್ಲದ ಕೈಯಲ್ಲಿ ನೆತ್ತಿ ಸುಡುವ ಮಾಲು, ಗೆರೆ. 'ಅಮೋನಿಯಾ ಇಲ್ಲ' ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರೂ ಒಳಗೆ ಪಿಪಿಡಿ ಅನ್ನುವ ಬಣ್ಣದ ರಾಸಾಯನಿಕ ಇರಬಹುದು, ಅಲರ್ಜಿಯಾಗಿ ಮುಖ ಊದುವುದು ಹೆಚ್ಚಾಗಿ ಅದರಿಂದ. ಹೊಸ ಗಿರಾಕಿಗೆ ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ 48 ಗಂಟೆ ಬಿಟ್ಟು ಬರಲು ಹೇಳಿ. ಮದುವೆಯ ಹಿಂದಿನ ದಿನ ಬಂದವನು ಕೇಳುವುದಿಲ್ಲ, ಗೊತ್ತು. ಹಿಂದೆ ಯಾವತ್ತಾದರೂ ಕಡಿತ, ಊತ ಬಂದಿತ್ತಾ ಅಂತಾದರೂ ಕೇಳಿ, ಬಂದಿತ್ತು ಅಂದರೆ ಹಚ್ಚಬೇಡಿ, ನೂರಿನ್ನೂರು ರೂಪಾಯಿ ಹೋದರೆ ಹೋಗಲಿ.

ಕೂದಲು ನೇರ, ನುಣುಪು ಮಾಡುವ ಕೆರಾಟಿನ್ ಕಿಟ್‌ಗೆ ಎರಡು ಗೆರೆ ಹೊಡೆದಿದ್ದೇನೆ. ಇಂಥ ಎಷ್ಟೋ ದ್ರಾವಣಗಳು ಬಿಸಿ ಐರನ್ ತಾಗಿದಾಗ ಫಾರ್ಮಾಲ್ಡಿಹೈಡ್ ಹೊಗೆ ಬಿಡುತ್ತವೆ, ಅದು ಕ್ಯಾನ್ಸರ್‌ಕಾರಕ. ಗಿರಾಕಿ ಅದನ್ನು ವರ್ಷಕ್ಕೆರಡು ಸಲ ಕುಡಿದರೆ ನೀವು ವಾರಕ್ಕೆರಡು ಸಲ ಕುಡಿಯುತ್ತೀರಿ, ಅದೂ ಹತ್ತಡಿ ಅಂಗಡಿಯಲ್ಲಿ. ಕಂಪನಿಯ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲದ ಬೆಳ್ಳಗಾಗುವ ಕ್ರೀಮು ಕೂಡ ಹಾಗೆಯೇ. ಅಂಥವುಗಳಲ್ಲಿ ಪಾದರಸ ಸಿಕ್ಕಿದ್ದಿದೆ, ಕಿಡ್ನಿಗೆ ಹೊಡೆತ. ತಲೆ ಮಸಾಜಿನ ಮಷಿನ್ ಬೇಕಾದರೆ ಆಮೇಲೆ ತನ್ನಿ. ಆದರೆ ಮಸಾಜ್ ಮುಗಿಸಿ ಕುತ್ತಿಗೆ ಲಟಕ್ ಅನಿಸುವ ಅಭ್ಯಾಸ ತಮ್ಮನಿಗಿದ್ದರೆ ಇವತ್ತೇ ಬಿಡಿಸಿ. ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದ ಪ್ರಕರಣಗಳಿವೆ.

ಯಾವಾಗ ಎಷ್ಟು ತರಿಸಬೇಕು ಅನ್ನುವುದನ್ನು ಪಂಚಾಂಗ ನೋಡಿ ಬರೆದುಕೊಳ್ಳಿ. ಶ್ರಾವಣದಲ್ಲಿ ಗಡ್ಡ ತೆಗೆಸದವರು ಬಹಳ. ಕಾರ್ತೀಕದಿಂದ ಸಂಕ್ರಾಂತಿವರೆಗೆ ಅಯ್ಯಪ್ಪ ಮಾಲೆ ಹಾಕಿದ ಹುಡುಗರು ಅಂಗಡಿ ಕಡೆ ತಲೆ ಹಾಕುವುದಿಲ್ಲ. ಆ ತಿಂಗಳುಗಳಲ್ಲಿ ಶೇವಿಂಗ್ ಕ್ರೀಮ್, ಫೋಮ್ ತುಂಬಿಟ್ಟುಕೊಳ್ಳಬೇಡಿ. ಮಾಲೆ ಇಳಿಸಿದ ವಾರ ಎಲ್ಲರೂ ಒಟ್ಟಿಗೇ ಬರುತ್ತಾರೆ. ರಂಜಾನ್ ಹಬ್ಬದ ಹಿಂದಿನ ರಾತ್ರಿ ಬಾಗಿಲು ಹಾಕಲು ನಡುರಾತ್ರಿ ದಾಟುತ್ತದೆ. ಯುಗಾದಿ, ದೀಪಾವಳಿ ಹೇಳಬೇಕಿಲ್ಲ. ಭತ್ತದ ದುಡ್ಡು ಕೈಗೆ ಬಂದ ದಿನಗಳಲ್ಲಿ ಕಲರ್, ಫೇಶಿಯಲ್ ಕೇಳುತ್ತಾರೆ, ಕಾಲುವೆಗೆ ನೀರು ಬಿಡದ ವರ್ಷ ಬರೀ ಕಟಿಂಗು, ಅದೂ ಉದ್ರಿ.

ದುಡ್ಡಿನ ಹಂಚಿಕೆ ಹೀಗೆ ಮಾಡಿ ನೋಡಿ. ಕುರ್ಚಿಗೆ 40 ಸಾವಿರ, ಕನ್ನಡಿ ಮತ್ತು ಬಡಗಿ ಕೆಲಸಕ್ಕೆ 40, ಇನ್ವರ್ಟರ್‌ಗೆ 25, ಕತ್ತರಿ ಮಷಿನ್ನಿಗೆ 20, ಟವೆಲ್ ಶೀಟು ಔಷಧಿಗೆ 10, ಮೊದಲ ತಿಂಗಳ ಖರ್ಚಿನ ಮಾಲಿಗೆ 15. ಉಳಿದ 50 ಸಾವಿರ ಮುಟ್ಟಬೇಡಿ. ಅದು ಮೂರು ತಿಂಗಳ ಬಾಡಿಗೆ, ಟ್ರೇಡ್ ಲೈಸೆನ್ಸ್, ಕಮರ್ಷಿಯಲ್ ಮೀಟರಿನ ಬಿಲ್ಲು. ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಶೇವಿಂಗ್ ಕ್ರೀಮ್, ಪೌಡರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18%ರಿಂದ 5%ಕ್ಕೆ ಇಳಿದಿದೆ. ಡೀಲರ್ ಹಳೆ ರೇಟು ಹೇಳಿದರೆ ಬಿಲ್ಲು ಕೇಳಿ. ಸಲೂನ್ ಸೇವೆಯ ಮೇಲಿನದೂ ಅಂದಿನಿಂದ 5% ಆಗಿದೆ, ಆದರೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಿಮಗೆ ಆ ನೋಂದಣಿಯ ಗೊಡವೆಯೇ ಇಲ್ಲ.

ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಒಂದು. ಸಲಕರಣೆಗೆ 15 ಸಾವಿರ ರೂಪಾಯಿಯ ಇ-ವೋಚರ್, 5% ಬಡ್ಡಿಗೆ ಮೊದಲು 1 ಲಕ್ಷ, ಅದು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ನೀವಿಬ್ಬರೂ ಒಂದೇ ಕುಟುಂಬದ ಲೆಕ್ಕಕ್ಕೆ ಬಂದರೆ ನೀವೋ ತಮ್ಮನೋ ನಿರ್ಧರಿಸಿ ಸಾಮಾನ್ಯ ಸೇವಾ ಕೇಂದ್ರಕ್ಕೆ (ಸಿಎಸ್‌ಸಿ) ಹೋಗಿ ಅರ್ಜಿ ಹಾಕಿ. ಪರಿಶೀಲನೆ, ತರಬೇತಿ ಅಂತ ಸಮಯ ಹಿಡಿಯುತ್ತದೆ, ಅದನ್ನು ನಂಬಿ ಅಂಗಡಿಯ ಪೂಜೆ ಮುಂದಕ್ಕೆ ಹಾಕಬೇಡಿ. ವೋಚರ್ ಬಂದ ದಿನ ಎರಡನೇ ಜೊತೆ ಕ್ಲಿಪ್ಪರ್ ಆಗುತ್ತದೆ.

ಕೂದಲಿನ ಪ್ರಶ್ನೆ. ಭಾಗ್ಯನಗರದಲ್ಲಿ ಕೂದಲಿನ ಉದ್ಯಮ ಇರುವುದು ನಿಜ, ಮನೆಮನೆಯಲ್ಲಿ ಸಿಕ್ಕು ಬಿಡಿಸಿ, ಉದ್ದದ ಪ್ರಕಾರ ಬೇರೆ ಮಾಡಿ, ವಿಗ್ಗಿಗೆಂದು ಹೊರದೇಶಕ್ಕೂ ಕಳಿಸುತ್ತಾರೆ. ಆದರೆ ಅವರಿಗೆ ಬೇಕಾದದ್ದು ಹೆಂಗಸರು ಬಾಚುವಾಗ ಉದುರಿದ ಉದ್ದ ಕೂದಲು, ಹಳ್ಳಿಗಳಲ್ಲಿ ಪಾತ್ರೆ, ಪಿನ್ನು ಕೊಟ್ಟು ಉಂಡೆ ಉಂಡೆಯಾಗಿ ಒಯ್ಯುತ್ತಾರಲ್ಲ, ಅದು. ನಿಮ್ಮ ಅಂಗಡಿಯ ನೆಲದ ಮೇಲೆ ಬೀಳುವ ಒಂದಿಂಚು ಎರಡಿಂಚಿನ ತುಂಡು ಅವರಿಗೆ ಬೇಡ. ಅದನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಕಸದ ಗಾಡಿಗೆ ಕೊಡಿ, ಮೋರಿಗೆ ಗುಡಿಸಬೇಡಿ. ಪಕ್ಕದ ಮಿರ್ಚಿ ಬಂಡಿಯವನ ಜೊತೆ ನನಗೆ ಮೊದಲ ಜಗಳ ಆದದ್ದೇ ಆ ಮೋರಿ ಕಟ್ಟಿಕೊಂಡಾಗ.